ಮಗುವಿನ ಹೆಸರಲ್ಲಿ ತಿಂಗಳಿಗೆ 4,000 ರೂಪಾಯಿ: ಈ ದುಡ್ಡು ಎಲ್ಲಿಂದ ಬರುತ್ತೆ, ಎಲ್ಲಿ ನಿಲ್ಲುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತುಸು ತಿದ್ದಲಾಗಿದೆ.)



ಇವತ್ತು ಒಂದು ಲೆಕ್ಕದಿಂದ ಶುರು ಮಾಡ್ತೀನಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ನಮ್ಮ ದೇಶದ ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ಸುಮಾರು 2.27 ಲಕ್ಷ ಮಕ್ಕಳಿದ್ದರು. ನಾವು ಮಾತಲ್ಲಿ ಅನಾಥಾಶ್ರಮ, ಬಾಲಮಂದಿರ ಅಂತೀವಲ್ಲ, ಆ ಜಾಗಗಳು. ಒಂದೇ ಕಡೆ ಇಷ್ಟು ಮಕ್ಕಳಿದ್ದರೆ ಸೋಂಕು ಹರಡುತ್ತೆ ಅನ್ನೋ ಭಯಕ್ಕೆ, ಕಳಿಸಬಹುದಾದವರನ್ನೆಲ್ಲ ಮನೆಗೆ ಕಳಿಸೋದು ಶುರುವಾಯ್ತು. ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಲೆಕ್ಕದ ಪ್ರಕಾರ, ಅವರಲ್ಲಿ ಸುಮಾರು 1.45 ಲಕ್ಷ ಮಕ್ಕಳು ಹೆತ್ತವರ ಹತ್ತಿರ ಅಥವಾ ನೋಡಿಕೊಳ್ಳೋ ಪೋಷಕರ ಹತ್ತಿರ ವಾಪಸ್ ಹೋಗಿದ್ದರು.

ಹತ್ತರಲ್ಲಿ ಆರಕ್ಕಿಂತ ಹೆಚ್ಚು ಮಕ್ಕಳು! ಇವರನ್ನೆಲ್ಲ ನಾವು ಅನಾಥರು ಅಂದ್ಕೊಂಡಿದ್ವಿ. ಆದರೆ ಅವರಿಗೆ ಹೋಗೋಕೆ ಒಂದು ಮನೆ ಇತ್ತು. ಬಹಳಷ್ಟು ಮನೆಗಳಲ್ಲಿ ಇಲ್ಲದೇ ಇದ್ದದ್ದು ಮಗುವನ್ನು ಸಾಕೋ ದುಡ್ಡು. ಸುಪ್ರೀಂ ಕೋರ್ಟ್‌ಗೂ ಇದು ಕಂಡಿತ್ತು. ಮನೆಗೆ ಹೋದ ಮಕ್ಕಳ ಓದಿಗೆ, ಕುಟುಂಬದ ಪರಿಸ್ಥಿತಿ ನೋಡಿ, ರಾಜ್ಯ ಸರ್ಕಾರಗಳು ತಿಂಗಳಿಗೆ 2,000 ರೂಪಾಯಿ ಕೊಡಬೇಕು ಅಂತ ಕೋರ್ಟ್ ಆಗ ಹೇಳಿತು.

ಹಾಗಾದ್ರೆ ಮಗುವನ್ನು ಒಂದು ಕಟ್ಟಡಕ್ಕೆ ಸೇರಿಸೋ ಬದಲು ಒಂದು ಮನೆಯಲ್ಲಿ ಬೆಳೆಸೋಕೆ ಸರ್ಕಾರ ದುಡ್ಡು ಕೊಡುತ್ತಾ? ಕೊಡುತ್ತೆ. ಎಷ್ಟು? ಯಾರ ಕೈಯಿಂದ? ಯಾರು ತೀರ್ಮಾನ ಮಾಡ್ತಾರೆ? ದುಡ್ಡು ಬರಲಿಲ್ಲ ಅಂದ್ರೆ ಯಾರನ್ನು ಕೇಳಬೇಕು? ಇವತ್ತಿನ ಸಂಚಿಕೆ ಪೂರ್ತಿ ಇದೇ.

ಮೊದಲು ಮೂರು ಪದ

ದತ್ತು, ಪೋಷಕತ್ವ, ಪ್ರಾಯೋಜಕತ್ವ. ಈ ಮೂರನ್ನು ಕಲಸಿಬಿಟ್ರೆ ಮುಂದೆ ಏನೂ ಅರ್ಥ ಆಗಲ್ಲ, ಅದಕ್ಕೆ ಎರಡು ನಿಮಿಷ ಕೊಡಿ.

ದತ್ತು ಎಲ್ಲರಿಗೂ ಗೊತ್ತು. ಮಗು ಕಾನೂನು ಪ್ರಕಾರ, ಶಾಶ್ವತವಾಗಿ ನಿಮ್ಮ ಮಗುವೇ ಆಗುತ್ತೆ. ಹೆತ್ತವರ ಜೊತೆಗಿನ ಕಾನೂನಿನ ಸಂಬಂಧ ಮುಗಿಯುತ್ತೆ. ಸರ್ಕಾರ ಇದಕ್ಕೆ ತಿಂಗಳ ದುಡ್ಡು ಕೊಡಲ್ಲ.

ಪೋಷಕತ್ವ ಅಂದ್ರೆ ಇಂಗ್ಲಿಷ್ ವೆಬ್ ಸೀರೀಸ್‌ಗಳಲ್ಲಿ ಕೇಳ್ತೀರಲ್ಲ, ಫಾಸ್ಟರ್ ಕೇರ್. ರಕ್ತಸಂಬಂಧ ಇಲ್ಲದ ಒಂದು ಕುಟುಂಬ ಮಗುವನ್ನು ಸ್ವಲ್ಪ ಕಾಲ, ಕೆಲವೊಮ್ಮೆ ವರ್ಷಗಟ್ಟಲೆ ನೋಡಿಕೊಳ್ಳುತ್ತೆ. ಆದರೆ ಮಗು ಅವರದ್ದಾಗಲ್ಲ. ಹೆತ್ತವರ ಪರಿಸ್ಥಿತಿ ಸುಧಾರಿಸಿದರೆ ವಾಪಸ್ ಹೋಗಬಹುದು. ಇದಕ್ಕೆ ತಿಂಗಳಿಗೆ ದುಡ್ಡಿದೆ.

ಪ್ರಾಯೋಜಕತ್ವ ಅಂದ್ರೆ ಸ್ಪಾನ್ಸರ್‌ಶಿಪ್. ಮಗು ತನ್ನ ಮನೆಯಲ್ಲೇ, ತಾಯಿ ಹತ್ತಿರವೋ ಅಜ್ಜಿ ಹತ್ತಿರವೋ ಚಿಕ್ಕಪ್ಪನ ಹತ್ತಿರವೋ ಇರುತ್ತೆ. ಬಡತನದಿಂದ ಆ ಮನೆ ಮುರಿದು ಮಗು ಬೀದಿಗೋ ಸಂಸ್ಥೆಗೋ ಹೋಗದೇ ಇರಲಿ ಅಂತ ಸರ್ಕಾರ ಕೈ ಜೋಡಿಸುತ್ತೆ. ಈಗಾಗಲೇ ಸಂಸ್ಥೆಯಲ್ಲಿರೋ ಮಗುವನ್ನು ಮನೆಗೆ ವಾಪಸ್ ಕಳಿಸೋಕೂ ಇದೇ ನೆರವು ಸಿಗುತ್ತೆ. ಇದಕ್ಕೂ ತಿಂಗಳಿಗೆ ದುಡ್ಡಿದೆ.

ಒಂದು ಉದಾಹರಣೆ ಇಟ್ಕೊಳ್ಳೋಣ. ಯಾವುದೋ ಒಂದು ತಾಲ್ಲೂಕು, ಒಂಬತ್ತು ವರ್ಷದ ಹುಡುಗಿ. ಸುಮ್ನೆ ಪುಟ್ಟಿ ಅಂತ ಕರೆಯೋಣ. ಅಪ್ಪ ತೀರಿಕೊಂಡಿದ್ದಾರೆ. ಅಮ್ಮ ಬದುಕಿದ್ದಾರೆ, ಆದರೆ ತೀವ್ರ ಕಾಯಿಲೆ. ತಮ್ಮನ್ನೇ ನೋಡಿಕೊಳ್ಳೋ ಸ್ಥಿತಿಯಲ್ಲಿಲ್ಲ. ಪುಟ್ಟಿ ಅಜ್ಜಿ ಮನೆಯಲ್ಲಿದ್ದಾಳೆ. ಅಜ್ಜಿಗೆ ಬರೋದು ತಿಂಗಳಿಗೆ 1,200 ರೂಪಾಯಿ ಸಂಧ್ಯಾ ಸುರಕ್ಷಾ ಪಿಂಚಣಿ. ಪುಟ್ಟಿಗೆ ಬೇಕಾಗಿರೋದು ಪ್ರಾಯೋಜಕತ್ವ. ಹೊಸ ಮನೆ ಹುಡುಕೋದು ಬೇಡ, ಇರೋ ಮನೆಗೆ ಆಸರೆ ಕೊಟ್ರೆ ಸಾಕು.

ನಾಳೆ ಅಜ್ಜಿಯೂ ತೀರಿಕೊಂಡರು, ಬೇರೆ ಸಂಬಂಧಿಕರು ಯಾರೂ ಇಲ್ಲ ಅಂತ ಇಟ್ಕೊಳ್ಳಿ. ಅಮ್ಮ ಇನ್ನೂ ಇದ್ದಾರೆ, ಗುಣವಾದ್ರೆ ಮಗಳನ್ನು ನೋಡಿಕೊಳ್ಳಬಹುದು. ಹಾಗಾಗಿ ದತ್ತು ಕೊಡೋ ಪ್ರಶ್ನೆ ಬರಲ್ಲ. ಆಗ ಎರಡೇ ದಾರಿ: ಬಾಲಮಂದಿರ, ಇಲ್ಲವೇ ಪೋಷಕತ್ವ. ಕಾನೂನು ಹೇಳೋದು ಏನು ಗೊತ್ತಾ? ಸಂಸ್ಥೆಗೆ ಸೇರಿಸೋದು ಕಟ್ಟಕಡೆಯ ಆಯ್ಕೆ ಆಗಿರಬೇಕು. 2015ರ ಬಾಲ ನ್ಯಾಯ ಕಾಯ್ದೆಯ ಮೂಲ ತತ್ವಗಳಲ್ಲೇ ಈ ಮಾತಿದೆ.

ಮೂರು ಕಚೇರಿ, ಮೂರು ಕೆಲಸ

ಯಾರು ಏನು ತೀರ್ಮಾನ ಮಾಡ್ತಾರೆ ಅನ್ನೋದು ಗೊತ್ತಿಲ್ಲದೇ ಜನ ಸುಮ್ನೆ ಅಲೆದಾಡ್ತಾರೆ. ಹಾಗಾಗಿ ಇದನ್ನು ನಿಧಾನಕ್ಕೆ ಹೇಳ್ತೀನಿ.

ಮೊದಲನೆಯದು ಮಕ್ಕಳ ಕಲ್ಯಾಣ ಸಮಿತಿ, ಅಂದ್ರೆ ಸಿಡಬ್ಲ್ಯೂಸಿ. ಅಧ್ಯಕ್ಷರು ಒಬ್ಬರು, ಸದಸ್ಯರು ನಾಲ್ವರು. ಅವರಲ್ಲಿ ಕನಿಷ್ಠ ಒಬ್ಬರು ಮಹಿಳೆ ಇರಲೇಬೇಕು. ಇದು ಸುಮ್ನೆ ಸಲಹೆ ಕೊಡೋ ಕಮಿಟಿ ಅಲ್ಲ. ಮ್ಯಾಜಿಸ್ಟ್ರೇಟ್ ಪೀಠಕ್ಕೆ ಇರೋ ಅಧಿಕಾರ ಇದಕ್ಕಿದೆ. ಮಗು ಎಲ್ಲಿ ಇರಬೇಕು ಅನ್ನೋ ತೀರ್ಮಾನ ಇವರದ್ದು. ಇವರ ಆದೇಶ ಇಲ್ಲದೇ ಯಾವ ಮಗುವನ್ನೂ ಪೋಷಕ ಕುಟುಂಬಕ್ಕೆ ಕೊಡೋ ಹಾಗಿಲ್ಲ.

ಎರಡನೆಯದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಡಿಸಿಪಿಯು. ಕರ್ನಾಟಕದಲ್ಲಿ ಇದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಕೆಳಗೆ, ಮಕ್ಕಳ ರಕ್ಷಣಾ ನಿರ್ದೇಶನಾಲಯದ ಮೂಲಕ ನಡೆಯುತ್ತೆ. ಅರ್ಜಿ ತಗೊಳ್ಳೋದು, ಮನೆಗೆ ಹೋಗಿ ನೋಡೋದು, ಅಕ್ಕಪಕ್ಕದವರನ್ನು, ಶಾಲೆಯವರನ್ನು ವಿಚಾರಿಸಿ ವರದಿ ಬರೆಯೋದು, ಕೊನೆಗೆ ಖಾತೆಗೆ ದುಡ್ಡು ಹಾಕಿಸೋದು ಎಲ್ಲ ಇವರೇ. ಇಡೀ ವ್ಯವಸ್ಥೆಯ ಕೈಕಾಲು ಇದು.

ಮೂರನೆಯದು ಪ್ರಾಯೋಜಕತ್ವ ಮತ್ತು ಪೋಷಕತ್ವ ಅನುಮೋದನಾ ಸಮಿತಿ. ಪ್ರತಿ ಜಿಲ್ಲೆಯಲ್ಲೂ ಒಂದಿರುತ್ತೆ. ಜಿಲ್ಲಾಧಿಕಾರಿ ನೇತೃತ್ವ. ಡಿಸಿಪಿಯು ತಂದಿಟ್ಟ ಕಡತ ನೋಡಿ, ಈ ಮಗುವಿಗೆ ದುಡ್ಡು ಮಂಜೂರು ಮಾಡಬಹುದು ಅಥವಾ ಆಗಲ್ಲ ಅಂತ ಹೇಳೋದು ಇವರು.

ಅಂದ್ರೆ ಮಗು ಎಲ್ಲಿ ಇರಬೇಕು ಅನ್ನೋದು ಒಂದು ಕಡೆ, ದುಡ್ಡು ಕೊಡಬೇಕಾ ಅನ್ನೋದು ಇನ್ನೊಂದು ಕಡೆ, ಓಡಾಟದ ಕೆಲಸ ಮತ್ತೊಂದು ಕಡೆ. ಹೀಗೆ ಹಂಚಿರೋದಕ್ಕೆ ಒಳ್ಳೆ ಕಾರಣವೂ ಇದೆ. ಒಬ್ಬರ ಕೈಯಲ್ಲೇ ಮಗುವೂ ದುಡ್ಡೂ ಇದ್ದರೆ ದುರ್ಬಳಕೆ ಸುಲಭ. ಆದರೆ ಮೂರರಲ್ಲಿ ಒಂದು ನಿಧಾನ ಆದ್ರೂ ಪುಟ್ಟಿ ಕಡತ ಅಲ್ಲೇ ಕೂರುತ್ತೆ. ಸಿಡಬ್ಲ್ಯೂಸಿ ಸದಸ್ಯರ ಅವಧಿ ಮುಗಿದು ಹೊಸಬರ ನೇಮಕ ಆಗಿಲ್ಲ ಅಂದ್ರೆ ಆದೇಶ ತಡ. ಅನುಮೋದನಾ ಸಮಿತಿ ಸಭೆ ಮುಂದಕ್ಕೆ ಹೋದರೆ ಮಂಜೂರಾತಿ ತಡ. ಡಿಸಿಪಿಯುನಲ್ಲಿ ಜನ ಇಲ್ಲ ಅಂದ್ರೆ ಎಲ್ಲವೂ ತಡ.

ದುಡ್ಡಿನ ದಾರಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ದುಡ್ಡು ಬರೋದು ಮಿಷನ್ ವಾತ್ಸಲ್ಯ ಅನ್ನೋ ಯೋಜನೆಯಿಂದ. 2009–10ರಲ್ಲಿ ಸಮಗ್ರ ಮಕ್ಕಳ ರಕ್ಷಣಾ ಯೋಜನೆ, ಐಸಿಪಿಎಸ್, ಅಂತ ಶುರುವಾಗಿದ್ದೇ ಹೆಸರು ಬದಲಾಗ್ತಾ ಇಲ್ಲಿಗೆ ಬಂದಿದೆ. 2022ರಲ್ಲಿ ಬಂದ ಹೊಸ ಮಾರ್ಗಸೂಚಿ ಪ್ರಕಾರ ಪೋಷಕತ್ವಕ್ಕೂ ಪ್ರಾಯೋಜಕತ್ವಕ್ಕೂ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಅದಕ್ಕೆ ಮೊದಲು ಇದ್ದದ್ದು 2,000.

ಈ 4,000 ಪೂರ್ತಿ ದೆಹಲಿಯಿಂದ ಬರಲ್ಲ. ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ಅಂದ್ರೆ ಪುಟ್ಟಿಯ 4,000ದಲ್ಲಿ 2,400 ಕೇಂದ್ರದ್ದು, 1,600 ರಾಜ್ಯದ್ದು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಈ ಲೆಕ್ಕ 90:10. ಶಾಸನಸಭೆ ಇಲ್ಲದ ಕೇಂದ್ರಾಡಳಿತ ಪ್ರದೇಶಗಳಿಗೆ ಪೂರ್ತಿ ಕೇಂದ್ರವೇ ಕೊಡುತ್ತೆ.

ಇದು ಓಡೋ ದಾರಿ ಹೀಗಿದೆ. ವರ್ಷಕ್ಕೊಮ್ಮೆ ರಾಜ್ಯ ಒಂದು ಯೋಜನೆ ಬರೆದು ಕೊಡುತ್ತೆ: ಇಷ್ಟು ಮಕ್ಕಳು, ಇಷ್ಟು ಸಂಸ್ಥೆ, ಇಷ್ಟು ಸಿಬ್ಬಂದಿ, ಇಷ್ಟು ದುಡ್ಡು. ಕೇಂದ್ರ ಸಚಿವಾಲಯದ ಯೋಜನಾ ಅನುಮೋದನಾ ಮಂಡಳಿ ಅದನ್ನು ನೋಡಿ ಒಪ್ಪುತ್ತೆ ಅಥವಾ ಕಡಿತ ಮಾಡುತ್ತೆ. ಆಮೇಲೆ ಕೇಂದ್ರದ ಪಾಲು ಕಂತುಗಳಲ್ಲಿ ಬರುತ್ತೆ. ರಾಜ್ಯ ತನ್ನ ಪಾಲು ಸೇರಿಸುತ್ತೆ. ದುಡ್ಡಿನ ಪ್ರತಿ ಹೆಜ್ಜೆಯೂ ಪಿಎಫ್‌ಎಂಎಸ್ ಅನ್ನೋ ಕೇಂದ್ರದ ಆನ್‌ಲೈನ್ ವ್ಯವಸ್ಥೆಯಲ್ಲಿ ದಾಖಲಾಗುತ್ತೆ. ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ನೇರ ಬ್ಯಾಂಕ್ ಖಾತೆಗೆ. ಮಧ್ಯೆ ಯಾರ ಕೈಗೂ ನಗದು ಸಿಗಲ್ಲ. ಇದು ಒಳ್ಳೆಯದೇ.

ಆದರೆ ಎಲ್ಲೆಲ್ಲಿ ನಿಲ್ಲಬಹುದು ನೋಡಿ. ಹಿಂದಿನ ಕಂತು ಖರ್ಚಾಗಿದೆ ಅಂತ ರಾಜ್ಯ ಲೆಕ್ಕ ಕೊಡಬೇಕು. ಬಳಕೆ ಪ್ರಮಾಣಪತ್ರ ಅಂತಾರೆ ಅದಕ್ಕೆ. ಅದು ತಡವಾದ್ರೆ ಮುಂದಿನ ಕಂತು ತಡ. ಕೇಂದ್ರದ್ದು ಬಂದರೂ ರಾಜ್ಯ ತನ್ನ ಪಾಲು ಹಾಕೋದು ತಡವಾದ್ರೆ ಮತ್ತೆ ತಡ. ಹಣಕಾಸು ವರ್ಷ ಮುಗಿಯೋದು ಮಾರ್ಚ್ 31ಕ್ಕೆ. ಹೊಸ ವರ್ಷದ ಯೋಜನೆ ಒಪ್ಪಿಗೆ ಆಗಿ ಮೊದಲ ಕಂತು ಬರೋ ತನಕ ಒಂದಿಷ್ಟು ದಿನ ಹಿಡಿಯುತ್ತೆ. ಆದರೆ ಶಾಲೆ ಶುರುವಾಗೋದು ಯಾವಾಗ? ಜೂನ್ ಹೊತ್ತಿಗೆ. ನೋಟ್ ಬುಕ್ಕು, ಬ್ಯಾಗು, ಚಪ್ಪಲಿ ಎಲ್ಲ ಒಟ್ಟಿಗೆ ಬೇಕಾಗೋ ತಿಂಗಳು. ಅಜ್ಜಿಗೆ ಆರು ತಿಂಗಳ 24,000 ಒಂದೇ ಸಲ ಸಿಕ್ಕಿದರೆ, ಲೆಕ್ಕಪತ್ರದಲ್ಲಿ ಎಲ್ಲ ಸರಿಯಾಗೇ ಇರುತ್ತೆ. ಅಷ್ಟರಲ್ಲಿ ಅಜ್ಜಿ ಬಡ್ಡಿಗೆ ಸಾಲ ಮಾಡಿ ಆಗಿರುತ್ತೆ, ಇಲ್ಲ ಪುಟ್ಟಿ ಶಾಲೆ ಬಿಟ್ಟಾಗಿರುತ್ತೆ.

ಪೋಷಕತ್ವದಲ್ಲಂತೂ ಈ ತಡ ಇನ್ನೂ ಅಪಾಯ. ಪೋಷಕ ಕುಟುಂಬದ ಮನಸ್ಸು ಎಷ್ಟೇ ದೊಡ್ಡದಿದ್ರೂ, ಒಪ್ಪಿಕೊಂಡ ದುಡ್ಡು ಬಾರದೇ ಹೋದರೆ ಎಷ್ಟು ತಿಂಗಳು ತಡ್ಕೋತಾರೆ? ಒಂದು ದಿನ ಆಗಲ್ಲ ಅಂದುಬಿಟ್ರೆ ಮಗು ಎರಡನೇ ಸಲ ಮನೆ ಕಳ್ಕೊಳ್ಳುತ್ತೆ.

4,000 ಅಂದ್ರೆ ಎಷ್ಟು?

ದಿನಕ್ಕೆ 133 ರೂಪಾಯಿ. ಊಟ, ಬಟ್ಟೆ, ಓದು, ಔಷಧಿ ಎಲ್ಲ ಸೇರಿ. ಇದು ಸಂಬಳ ಅಲ್ಲ ಅನ್ನೋದನ್ನು ನೆನಪಿಡಿ. ಪೋಷಕ ತಾಯಿಯ ದುಡಿಮೆಗೆ ಇಲ್ಲಿ ಬೆಲೆ ಕಟ್ಟಿಲ್ಲ. ಇದು ಮಗುವಿನ ಖರ್ಚಿಗೆ ಮಾತ್ರ. ಮಗುವಿನ ಊಟ, ಓದು, ಆರೋಗ್ಯ ಪೋಷಕ ಕುಟುಂಬದ ಜವಾಬ್ದಾರಿ ಅಂತ ಕಾಯ್ದೆಯ 44ನೇ ಸೆಕ್ಷನ್ ಹೇಳುತ್ತೆ. ಅದಕ್ಕಾಗಿ ಸರ್ಕಾರ ಡಿಸಿಪಿಯು ಮೂಲಕ ತಿಂಗಳಿಗೊಮ್ಮೆ ದುಡ್ಡು ಕೊಡಬೇಕು ಅಂತಲೂ ಅದೇ ಸೆಕ್ಷನ್ ಹೇಳುತ್ತೆ. ಹಾಗಾಗಿ ಯಾರಾದ್ರೂ ಅಧಿಕಾರಿ ಇದು ನಾವು ಮಾಡ್ತಿರೋ ಉಪಕಾರ ಅನ್ನೋ ಥರ ಮಾತಾಡಿದರೆ, ಅದು ಕಾನೂನಲ್ಲಿ ಬರೆದಿರೋ ವಿಷಯ ಅಂತ ಹೇಳಬಹುದು.

ಪ್ರಾಯೋಜಕತ್ವಕ್ಕೆ ಆದಾಯದ ಮಿತಿ ಇದೆ. ಹಳ್ಳಿಯಲ್ಲಾದರೆ ಕುಟುಂಬದ ವರ್ಷದ ಆದಾಯ 72,000 ಮೀರಬಾರದು, ಪಟ್ಟಣದಲ್ಲಿ 96,000. ತಿಂಗಳ ಲೆಕ್ಕಕ್ಕೆ ಹಳ್ಳಿಯಲ್ಲಿ 6,000, ಪಟ್ಟಣದಲ್ಲಿ 8,000. ಇದನ್ನು ಸ್ವಲ್ಪ ಬಿಡಿಸಿ ನೋಡೋಣ. 2025–26ಕ್ಕೆ ಕರ್ನಾಟಕದಲ್ಲಿ ನಿಗದಿಯಾದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಗಂಡ ತೀರಿಕೊಂಡ ಒಬ್ಬ ತಾಯಿ ಇಷ್ಟೇ ಕೂಲಿಗೆ ತಿಂಗಳಿಗೆ 16 ದಿನ ದುಡಿದರೆ 5,920 ರೂಪಾಯಿ, ಮಿತಿಯ ಒಳಗೆ. 17ನೇ ದಿನ ಕೆಲಸಕ್ಕೆ ಹೋದರೆ 6,290, ಮಿತಿ ದಾಟಿತು. ಎರಡು ಮಕ್ಕಳಿರೋ ಮನೆಯನ್ನು 6,290 ರೂಪಾಯಿಯಲ್ಲಿ ನಡೆಸೋ ತಾಯಿ ಬಡವಳಲ್ಲ ಅಂತ ಹೇಳೋ ಮಿತಿ ಇದು. ನೆರವನ್ನು ದುಪ್ಪಟ್ಟು ಮಾಡಿದ್ದು ಒಳ್ಳೆ ಕೆಲಸ. ಮಿತಿಯೂ ಕೂಲಿ ದರದ ಜೊತೆಗೇ ಏರಬೇಕು ಅನ್ನೋದು ನನ್ನ ಅಭಿಪ್ರಾಯ.

ಇನ್ನು ಒಟ್ಟು ಗಂಟು ಎಷ್ಟು ದೊಡ್ಡದು? 2025–26ರ ಕೇಂದ್ರ ಬಜೆಟ್‌ನಲ್ಲಿ ಮಿಷನ್ ವಾತ್ಸಲ್ಯಕ್ಕೆ ಇಟ್ಟಿದ್ದು 1,500 ಕೋಟಿ. ಕೇಳೋಕೆ ದೊಡ್ಡ ಮೊತ್ತ. ಆದರೆ ಆ ವರ್ಷದ ಒಟ್ಟು ಬಜೆಟ್ ಸುಮಾರು 50.65 ಲಕ್ಷ ಕೋಟಿ. ಅಂದ್ರೆ ನೂರು ರೂಪಾಯಿ ಖರ್ಚಿನಲ್ಲಿ 3 ಪೈಸೆ. ಆ 3 ಪೈಸೆಯಲ್ಲೇ ಬಾಲಮಂದಿರಗಳು, ಬಾಲ ನ್ಯಾಯ ಮಂಡಳಿಗಳು, ಸಿಡಬ್ಲ್ಯೂಸಿಗಳು, ದತ್ತು ಸಂಸ್ಥೆಗಳು, 1098 ಸಹಾಯವಾಣಿ, ಸಿಬ್ಬಂದಿಯ ಗೌರವಧನ, ಆಮೇಲೆ ಪೋಷಕತ್ವ, ಪ್ರಾಯೋಜಕತ್ವ. ಅದಕ್ಕೂ ಹಿಂದಿನ ಮೂರು ಬಜೆಟ್‌ಗಳಲ್ಲಿ ಈ ಮೊತ್ತ 1,472 ಕೋಟಿಯಲ್ಲೇ ನಿಂತಿತ್ತು.

ಸಂಸ್ಥೆಯಲ್ಲಿರೋ ಮಗುವಿಗೆ ಇದೇ ಮಾರ್ಗಸೂಚಿಯಲ್ಲಿ ನಿರ್ವಹಣೆಗೆ ತಿಂಗಳಿಗೆ 3,000 ರೂಪಾಯಿ. ಕಡಿಮೆ ಅಲ್ವಾ ಅನ್ನಬೇಡಿ. ಸಂಸ್ಥೆಯ ಸಿಬ್ಬಂದಿಗೆ, ಕಟ್ಟಡಕ್ಕೆ ಬೇರೆಯೇ ದುಡ್ಡು ಹೋಗುತ್ತೆ. ಮನೆಯಲ್ಲಿ ಬೆಳೆಯೋ ಮಗುವಿಗೆ 4,000 ಬಿಟ್ಟರೆ ಉಳಿದ ಖರ್ಚೆಲ್ಲ ಆ ಮನೆಯದ್ದೇ.

ಇದು ನಮ್ಮ ದೇಶದ ಸಮಸ್ಯೆ ಮಾತ್ರ ಅಲ್ಲ. ಅಮೆರಿಕದಲ್ಲಿ 1980ರ ಕಾನೂನಿನಿಂದ ಕೇಂದ್ರ ಸರ್ಕಾರ ಪೋಷಕತ್ವಕ್ಕೆ ರಾಜ್ಯಗಳಿಗೆ ದೊಡ್ಡ ಮೊತ್ತ ತುಂಬಿಕೊಡ್ತಾ ಬಂತು. ಆದರೆ ಆ ದುಡ್ಡಿನ ಬಹುಪಾಲು ಸಿಗ್ತಿದ್ದದ್ದು ಮಗುವನ್ನು ಮನೆಯಿಂದ ಕರ್ಕೊಂಡು ಹೋದ ಮೇಲೆ. ಮನೆ ಮುರಿಯೋ ಮುಂಚೆಯೇ ಹೆತ್ತವರಿಗೆ ಚಿಕಿತ್ಸೆ, ತರಬೇತಿ ಕೊಡೋಕೂ ಇದೇ ಗಂಟಿನಿಂದ ತೆಗೆಯಬಹುದು ಅಂತ ಕಾನೂನು ಬದಲಾಗಿದ್ದು 2018ರಲ್ಲಿ. ನಮ್ಮಲ್ಲಿ ಪ್ರಾಯೋಜಕತ್ವ ಅನ್ನೋ ಬಾಗಿಲು ಮೊದಲಿಂದಲೂ ಇದೆ. ಅದು ಇದೆ ಅಂತ ಜನಕ್ಕೆ ಗೊತ್ತಿಲ್ಲ, ಅಷ್ಟೇ.

ಮನೆಗೆ ಹೋಗಿ ನೋಡೋರು ಯಾರು?

ದುಡ್ಡಿನಷ್ಟೇ ಮುಖ್ಯವಾದ ಇನ್ನೊಂದು ವಿಷಯ: ಮೇಲ್ವಿಚಾರಣೆ. ಬೇರೆಯವರ ಮನೆಯಲ್ಲಿ ಬೆಳೆಯೋ ಮಗುವನ್ನು ಆ ಮನೆಯವರು ಕೆಲಸಕ್ಕೆ ಹಚ್ಚಬಾರದು, ಹೊಡೆಯಬಾರದು. ಇದನ್ನು ಖಾತ್ರಿ ಮಾಡೋಕೆ ಯಾರಾದ್ರೂ ಹೋಗಿ ನೋಡಲೇಬೇಕು. ಪೋಷಕ ಕುಟುಂಬಗಳನ್ನು ಸಿಡಬ್ಲ್ಯೂಸಿ ಪ್ರತಿ ತಿಂಗಳೂ ತಪಾಸಣೆ ಮಾಡಬೇಕು ಅಂತ ಕಾಯ್ದೆ ಹೇಳುತ್ತೆ.

ಈಗ ಐದು ಜನರ ಆ ಸಮಿತಿಯನ್ನು ನೆನಪಿಸ್ಕೊಳ್ಳಿ. ತಿಂಗಳಿಗೆ ಕನಿಷ್ಠ 20 ದಿನ ಕಲಾಪ ನಡೆಸಬೇಕು. ಓಡಿಹೋದ ಮಕ್ಕಳು, ಬಾಲಕಾರ್ಮಿಕರು, ಬಾಲ್ಯವಿವಾಹದಿಂದ ಬಿಡಿಸಿ ತಂದ ಹುಡುಗಿಯರು, ದೌರ್ಜನ್ಯಕ್ಕೆ ಒಳಗಾದವರು ಎಲ್ಲರೂ ಬರೋದು ಇಲ್ಲಿಗೇ. ಡಿಸಿಪಿಯು ಕಡೆ ನೋಡಿದರೆ, ಸಂಸ್ಥೆಯ ಹೊರಗಿನ ಪಾಲನೆಗೆ ಅಂತ ಜಿಲ್ಲೆಗೆ ಒಬ್ಬರು ರಕ್ಷಣಾಧಿಕಾರಿ. ಜೊತೆಗೆ ಬೆರಳೆಣಿಕೆಯ ಸಮಾಜ ಕಾರ್ಯಕರ್ತರು, ಕ್ಷೇತ್ರ ಕಾರ್ಯಕರ್ತರು. ಇವರಲ್ಲಿ ಬಹುತೇಕರದ್ದು ಗುತ್ತಿಗೆ ಕೆಲಸ. ಬೆಳಗಾವಿಯಂಥ ಜಿಲ್ಲೆಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬರೋಕೆ ಒಂದು ದಿನ ಬೇಕು.

ಪೋಷಕತ್ವ ನಮ್ಮಲ್ಲಿ ಯಾಕೆ ಇನ್ನೂ ಚಿಕ್ಕದಾಗೇ ಇದೆ ಅನ್ನೋದಕ್ಕೆ ನಾನು ಕಂಡುಕೊಂಡ ಉತ್ತರ ಇಲ್ಲಿದೆ. ಜನಕ್ಕೆ ಮನಸ್ಸಿಲ್ಲ ಅಂತ ಹೇಳೋದು ಸುಲಭ. ಆದರೆ ಮನೆ ಭೇಟಿ ಮಾಡೋಕೆ ಜನ ಇಲ್ಲದೇ ಇದ್ದಾಗ, ಜವಾಬ್ದಾರಿ ಇರೋ ಅಧಿಕಾರಿಗೂ ಮಗುವನ್ನು ಹೊರಗಿನ ಮನೆಗೆ ಕಳಿಸೋಕೆ ಧೈರ್ಯ ಬರಲ್ಲ. ಬಾಲಮಂದಿರದಲ್ಲಿದ್ದರೆ ಕನಿಷ್ಠ ಒಂದು ಗೇಟು, ಒಂದು ಹಾಜರಿ ಪುಸ್ತಕ ಇರುತ್ತೆ ಅನ್ನೋ ಲೆಕ್ಕ. ಅಂದ್ರೆ ಪೋಷಕತ್ವಕ್ಕೆ ಮಗುವಿನ 4,000 ಮಾತ್ರ ಸಾಲಲ್ಲ. ಆ ಮನೆಗೆ ತಿಂಗಳಿಗೊಮ್ಮೆ ಹೋಗಿ ಮಗುವಿನ ಜೊತೆ ಅರ್ಧ ಗಂಟೆ ಮಾತಾಡೋ ಒಬ್ಬ ಮನುಷ್ಯನ ಸಂಬಳವೂ ಅದರ ಖರ್ಚೇ. ಬಜೆಟ್‌ನಲ್ಲಿ ಅದನ್ನು ಆಡಳಿತ ವೆಚ್ಚ ಅಂತ ಕಡಿತ ಮಾಡಿದರೆ ಪೋಷಕತ್ವವನ್ನೇ ಕಡಿತ ಮಾಡಿದ ಹಾಗೆ.

ಪೋಷಕರಾಗೋಕೆ ಯಾರಿಗೆ ಅವಕಾಶ?

ಕೇಂದ್ರ 2024ರಲ್ಲಿ ಹೊಸ ಮಾದರಿ ಮಾರ್ಗಸೂಚಿ ತಂದಿದೆ. ಮೊದಲು ಮದುವೆಯಾದ ದಂಪತಿಗೆ ಮಾತ್ರ ಇತ್ತು. ಈಗ ಮದುವೆ ಆಗದವರು, ಸಂಗಾತಿಯನ್ನು ಕಳಕೊಂಡವರು, ವಿಚ್ಛೇದನ ಪಡೆದವರೂ ಅರ್ಜಿ ಹಾಕಬಹುದು. ಒಂಟಿ ಮಹಿಳೆ ಹುಡುಗ, ಹುಡುಗಿ ಯಾರನ್ನಾದ್ರೂ ಪೋಷಿಸಬಹುದು. ಒಂಟಿ ಪುರುಷನಿಗೆ ಹುಡುಗನನ್ನು ಮಾತ್ರ ಕೊಡ್ತಾರೆ. ದಂಪತಿಯಾದರೆ ಕನಿಷ್ಠ ಎರಡು ವರ್ಷದ ಸ್ಥಿರ ದಾಂಪತ್ಯ ಇರಬೇಕು, ಇಬ್ಬರ ಒಪ್ಪಿಗೆಯೂ ಬೇಕು. ಆನ್‌ಲೈನ್‌ನಲ್ಲಿ ನೋಂದಣಿಗೂ ವ್ಯವಸ್ಥೆ ಆಗಿದೆ.

ಇನ್ನೊಂದು ಬದಲಾವಣೆ: ಮಗು ಒಂದೇ ಪೋಷಕ ಕುಟುಂಬದಲ್ಲಿ ಎರಡು ವರ್ಷ ಇದ್ದು, ಕಾನೂನು ಪ್ರಕಾರ ದತ್ತು ಕೊಡಬಹುದಾದ ಸ್ಥಿತಿಗೆ ಬಂದರೆ, ಅದೇ ಕುಟುಂಬ ದತ್ತು ಪಡೆಯಬಹುದು. ಮೊದಲು ಐದು ವರ್ಷ ಕಾಯಬೇಕಿತ್ತು. ಆದರೆ ದತ್ತಿಗೆ ಅಡ್ಡದಾರಿ ಅಂದ್ಕೊಂಡು ಪೋಷಕತ್ವಕ್ಕೆ ಬರಬೇಡಿ. ಹೆತ್ತ ತಾಯಿ ವಾಪಸ್ ಬಂದು ಕರೆದಾಗ ಮಗುವನ್ನು ಕಳಿಸಿಕೊಡೋ ಮನಸ್ಸು ಇಲ್ಲಿ ಮೊದಲು ಬೇಕು. ಅಣ್ಣ ತಂಗಿ ಇಬ್ಬರಿದ್ದರೆ ಇಬ್ಬರನ್ನೂ ಒಂದೇ ಮನೆಯಲ್ಲಿ ಇಡೋಕೆ ಪ್ರಯತ್ನ ಮಾಡಬೇಕು ಅಂತಲೂ ಕಾಯ್ದೆ ಹೇಳುತ್ತೆ.

ನಿಮ್ಮ ಕಣ್ಣಿಗೆ ಒಬ್ಬ ಪುಟ್ಟಿ ಬಿದ್ದರೆ?

ಈಗ ಕೈಗೆ ಸಿಗೋ ಮಾಹಿತಿ. ಬೇಕಾದ್ರೆ ಸ್ಕ್ರೀನ್‌ಶಾಟ್ ತಗೊಳ್ಳಿ.

ಮಗು ಅಪಾಯದಲ್ಲಿದ್ದರೆ, ಒಂಟಿಯಾಗಿದ್ದರೆ 1098ಕ್ಕೆ ಕರೆ ಮಾಡಿ. ಹೆತ್ತವರಿಂದ ಬೇರೆಯಾದ, ಕಳೆದುಹೋದ ಮಗು ಸಿಕ್ಕಿದರೆ 24 ಗಂಟೆಯೊಳಗೆ ತಿಳಿಸೋದು ಕಡ್ಡಾಯ. ಮಗುವನ್ನು ಮನೆಗೆ ಕರ್ಕೊಂಡು ಬಂದು ಸುಮ್ನೆ ಇಟ್ಕೊಳ್ಳೋದು, ಎಷ್ಟೇ ಒಳ್ಳೆ ಮನಸ್ಸಿಂದ ಮಾಡಿದರೂ, ಕಾನೂನು ಒಪ್ಪಲ್ಲ.

ಪುಟ್ಟಿ ಥರ ಅಜ್ಜಿ ಮನೆಯಲ್ಲೋ ಒಂಟಿ ತಾಯಿ ಹತ್ತಿರವೋ ಇರೋ ಮಗುವಾದ್ರೆ, ಜಿಲ್ಲಾ ಕೇಂದ್ರದಲ್ಲಿರೋ ಮಕ್ಕಳ ರಕ್ಷಣಾ ಘಟಕಕ್ಕೆ ಪ್ರಾಯೋಜಕತ್ವದ ಅರ್ಜಿ ಕೊಡಿ. ಅಷ್ಟು ದೂರ ಹೋಗೋಕೆ ಆಗಲ್ಲ ಅಂದ್ರೆ ಊರಿನ ಅಂಗನವಾಡಿ ಕಾರ್ಯಕರ್ತೆಯನ್ನೋ ತಾಲ್ಲೂಕಿನ ಸಿಡಿಪಿಒ ಕಚೇರಿಯನ್ನೋ ಮೊದಲು ಕೇಳಿ. ಸಾಮಾನ್ಯವಾಗಿ ಬೇಕಾಗೋ ಕಾಗದ: ಮಗುವಿನ ಜನನ ಪ್ರಮಾಣಪತ್ರ, ಆಧಾರ್, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಹೆತ್ತವರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ. ಫೋನಲ್ಲಿ ಅರ್ಜಿ ತುಂಬೋದು, ಕಾಗದ ಸ್ಕ್ಯಾನ್ ಮಾಡೋದು ನಿಮಗೆ ಹತ್ತು ನಿಮಿಷದ ಕೆಲಸ. ಅಜ್ಜಿಗೆ ಅದೇ ದೊಡ್ಡ ಬೆಟ್ಟ. ಜೊತೆಗೆ ಹೋಗಿ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ, ತಾರೀಖು ಇರಲಿ.

ಒಂದು ವೇಳೆ ಪೋಷಕತ್ವ ಅಥವಾ ಪ್ರಾಯೋಜಕತ್ವದ ಬಗ್ಗೆ ಸಿಡಬ್ಲ್ಯೂಸಿ ಕೊಟ್ಟ ಆದೇಶ ಸರಿಯಿಲ್ಲ ಅನ್ನಿಸಿದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಸಿಡಬ್ಲ್ಯೂಸಿಯ ಬೇರೆ ಆದೇಶಗಳಿಗೆ ಮಕ್ಕಳ ನ್ಯಾಯಾಲಯಕ್ಕೆ ಹೋಗಬೇಕು. ಈ ವಿಷಯಗಳಿಗೆ ಮಾತ್ರ ಮೇಲ್ಮನವಿ ಹೋಗೋದು ಜಿಲ್ಲಾಧಿಕಾರಿಗೆ. ಮಂಜೂರಾದ ದುಡ್ಡು ತಿಂಗಳುಗಟ್ಟಲೆ ಬಂದಿಲ್ಲ ಅಂದ್ರೆ ಮೊದಲು ಡಿಸಿಪಿಯುಗೆ ಬರಹದಲ್ಲಿ ಕೇಳಿ, ಪ್ರತಿಯನ್ನು ಜಿಲ್ಲಾಧಿಕಾರಿಗೆ ಕಳಿಸಿ. ಉತ್ತರ ಇಲ್ಲದಿದ್ದರೆ ಮಾಹಿತಿ ಹಕ್ಕು ಅರ್ಜಿ ಇದೆ. 30 ದಿನದಲ್ಲಿ ಉತ್ತರ ಕೊಡಬೇಕು. ಈ ಮೂರು ಪ್ರಶ್ನೆ ಹಾಕಿ: ನಮ್ಮ ಜಿಲ್ಲೆಯಲ್ಲಿ ಈ ವರ್ಷ ಎಷ್ಟು ಮಕ್ಕಳಿಗೆ ಮಂಜೂರಾಗಿದೆ? ಎಷ್ಟು ತಿಂಗಳ ದುಡ್ಡು ಬಾಕಿ ಇದೆ? ಅನುಮೋದನಾ ಸಮಿತಿ ಕೊನೇ ಸಲ ಸಭೆ ಸೇರಿದ್ದು ಯಾವತ್ತು? ಈ ಮೂರು ಉತ್ತರ ಸಿಕ್ಕಿದರೆ ದುಡ್ಡು ಎಲ್ಲಿ ನಿಂತಿದೆ ಅನ್ನೋದು ತಿಳಿಯುತ್ತೆ.

ಫೋನ್ ಕೈಯಲ್ಲಿರೋ ಎಲ್ಲರಿಗೂ ಇನ್ನೊಂದು ಮಾತು. ಕೋವಿಡ್ ಕಾಲದಲ್ಲಿ, ತಂದೆ ತಾಯಿ ಕಳಕೊಂಡ ಮಗು ಇದೆ, ಬೇಕಾದವರು ಈ ನಂಬರಿಗೆ ಕರೆ ಮಾಡಿ ಅನ್ನೋ ಮೆಸೇಜ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದವು. ಅಂಥದ್ದನ್ನು ಫಾರ್ವರ್ಡ್ ಮಾಡಬೇಡಿ. ಕಾನೂನಿನ ಹೊರಗೆ ಮಗುವನ್ನು ಕೊಡೋದು, ಪಡೆಯೋದು ಅಪರಾಧ. ರಕ್ಷಣೆಯಲ್ಲಿರೋ ಮಗುವಿನ ಫೋಟೋ, ಹೆಸರು, ಶಾಲೆ, ಊರು ಮಾಧ್ಯಮದಲ್ಲಿ ಬಹಿರಂಗ ಮಾಡೋದೂ ಅಪರಾಧವೇ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು. ಸಹಾಯ ಮಾಡಿದ್ದಕ್ಕೆ ರೀಲ್ಸ್ ಬೇಡ.

ಕೋವಿಡ್‌ನಲ್ಲಿ ಹೆತ್ತವರನ್ನು ಕಳಕೊಂಡ ಮಕ್ಕಳಿಗೆ 2021ರಲ್ಲಿ ಕರ್ನಾಟಕ ಸರ್ಕಾರ ಮುಖ್ಯಮಂತ್ರಿ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಅವತ್ತು ಯಾರೂ ಇದನ್ನು ದುಂದು ಅನ್ನಲಿಲ್ಲ. ಮಗುವನ್ನು ಅದರ ಸಂಬಂಧಿಕರ ಮನೆಯಲ್ಲೇ ಬೆಳೆಸೋಕೆ ದುಡ್ಡು ಕೊಡೋದು ಸಹಜ ಅನ್ನಿಸಿತ್ತು. ಅಪಘಾತದಲ್ಲಿ, ಕ್ಯಾನ್ಸರ್‌ನಲ್ಲಿ, ಸಾಲದ ಸುಳಿಯಲ್ಲಿ ಹೆತ್ತವರನ್ನು ಕಳಕೊಳ್ಳೋ ಮಕ್ಕಳು ಪ್ರತಿ ವರ್ಷವೂ ಇರ್ತಾರೆ. ಅವರಿಗಿರೋ ದಾರಿ ಇವತ್ತು ನಾನು ಹೇಳಿದ್ದೇ.

ನಿಮ್ಮ ಜಿಲ್ಲೆಯಲ್ಲಿ ಅರ್ಜಿ ಹಾಕಿದ ಅನುಭವ ಇದ್ದರೆ ನಮಗೆ ವಾಯ್ಸ್ ಮೆಸೇಜ್ ಕಳಿಸಿ. ಮಗುವಿನ ಹೆಸರು, ಶಾಲೆ, ಊರು ಹೇಳಬೇಡಿ. ಈ ಸಂಚಿಕೆಯನ್ನು ನಿಮ್ಮ ಊರಿನ ಒಬ್ಬ ಮೇಷ್ಟ್ರಿಗೆ, ಒಬ್ಬ ಅಂಗನವಾಡಿ ಕಾರ್ಯಕರ್ತೆಗೆ ಕಳಿಸಿ.